ಒಡೆದ ಮಣ್ಣಿನ ಸಾಕ್ಷಿ

ಕೇಳುಗರೇ, ನಮಸ್ಕಾರ.

ಪ್ರಾಚೀನ ಈಜಿಪ್ಟಿನಲ್ಲಿ ಉಗ್ರಾಣದ ಬಾಗಿಲು ಮುಚ್ಚಿದ ಅಧಿಕಾರಿ ಗೂಟಕ್ಕೆ ಹುರಿ ಸುತ್ತಿ, ಗಂಟಿನ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ತನ್ನ ಮುದ್ರೆ ಒತ್ತುತ್ತಿದ್ದ. ಮಣ್ಣು ಒಣಗಿದ ಮೇಲೆ ಅದನ್ನು ಒಡೆಯದೆ ಒಳಗೆ ಕೈಹಾಕಲು ಯಾರಿಗೂ ಆಗುತ್ತಿರಲಿಲ್ಲ.

ಆ ಮುದ್ರೆ ಹೆಬ್ಬೆರಳಿನ ಉಗುರಿನಷ್ಟು. ಮೇಲ್ಭಾಗ ಸಗಣಿ ಉರುಳಿಸುವ ಜೀರುಂಡೆಯ ಆಕಾರ. ಅದು ಮೂಡುವ ಸೂರ್ಯನಾದ ಖೆಪ್ರಿ ದೇವರ ರೂಪ. ಚಪ್ಪಟೆಯಾದ ತಳದಲ್ಲಿ ಅಧಿಕಾರಿಯ ಹುದ್ದೆ ಮತ್ತು ಹೆಸರು. ಬಹುಪಾಲು ಬಳಪದ ಕಲ್ಲಿನವು: ಕೆತ್ತಲು ಮೆದು, ಮೆರುಗು ಕೊಟ್ಟು ಸುಟ್ಟರೆ ಗಟ್ಟಿ. ಉದ್ದಕ್ಕೂ ಕೊರೆದ ತೂತಿನಲ್ಲಿ ದಾರವನ್ನೋ ತಂತಿಯನ್ನೋ ಪೋಣಿಸಿ ಬೆರಳಿಗೆ ಧರಿಸುತ್ತಿದ್ದರು. ಹೀಗೆ ಅಧಿಕಾರಿಗಳ ಹೆಸರು ಹೊತ್ತ ಮುದ್ರೆಗಳು 12ನೇ ರಾಜವಂಶದ ಕೊನೆ ಮತ್ತು 13ನೇ ವಂಶದ ಕಾಲದಲ್ಲಿ, ಅಂದರೆ ಕ್ರಿ.ಪೂ. 1800ರ ಆಸುಪಾಸಿನಲ್ಲಿ, ಬಹಳವಾಗಿ ಬಳಕೆಗೆ ಬಂದವು.

ಆದರೆ ನನ್ನ ಮಟ್ಟಿಗೆ ಮುದ್ರೆಗಿಂತ ಅದು ಬಿದ್ದ ಮಣ್ಣಿನ ತುಣುಕೇ ಅಮೂಲ್ಯ. ಮುಂದೆ ಹೆಸರಿದ್ದರೆ, ಹಿಂದೆ ಅದು ಅಂಟಿಕೊಂಡಿದ್ದ ವಸ್ತುವಿನ ಗುರುತು ಉಳಿದಿರುತ್ತದೆ. ಹುರಿಯ ಎಳೆ, ಮರದ ಗೂಟ, ಪಪೈರಸ್ ಸುರುಳಿಯ ನಾರು. ಬಾಗಿಲು ಯಾವುದು, ಪೆಟ್ಟಿಗೆ ಯಾವುದು, ಪತ್ರ ಯಾವುದು ಎಂದು ಪುರಾತತ್ವಜ್ಞರು ಅದರಿಂದಲೇ ಹೇಳಬಲ್ಲರು.

ಸೂಡಾನಿನಲ್ಲಿ ನೈಲ್ ನದಿಯ ನಡುಗಡ್ಡೆ ಉರೊನಾರ್ತಿಯಿದೆ. ಅಲ್ಲಿ 12ನೇ ವಂಶದ ಈಜಿಪ್ಟ್ ದೊರೆ ಮೂರನೇ ಸೆನುಸ್ರೆತ್ ಕಟ್ಟಿಸಿದ ಕೋಟೆಯಲ್ಲಿ 1920ರ ದಶಕದ ಉತ್ಖನನ ಇಂಥ ತುಣುಕುಗಳನ್ನು ಸಾವಿರಗಟ್ಟಲೆ ಹೊರತೆಗೆಯಿತು. ಕೆಲವದರ ಮೇಲೆ ಎರಡು ಗುರುತು: ಕೋಟೆಯ ಕಣಜದ ದೊಡ್ಡ ಮುದ್ರೆ, ಅದರ ಮೇಲೆ ಕಾವಲಿನ ಹೊಣೆ ಹೊತ್ತವನ ಚಿಕ್ಕ ಮುದ್ರೆ. ಕಚೇರಿಯ ಅಧಿಕಾರವೊಂದೇ ಸಾಲದು, ಜವಾಬು ಹೇಳಲು ಒಬ್ಬ ಮನುಷ್ಯ ಬೇಕು. ದೂರದ ಗಡಿಯಲ್ಲಿ, ಸೈನಿಕರ ಧಾನ್ಯದ ಲೆಕ್ಕಕ್ಕೂ ಇಷ್ಟು ಎಚ್ಚರ!

ಇದಕ್ಕೆ ಎದುರಾದ ನೋವೂ ಇದೆ. ಪಶ್ಚಿಮ ಏಷ್ಯಾ ಮೂಲದವರಾಗಿ ಉತ್ತರ ಈಜಿಪ್ಟನ್ನು ಆಳಿದ ಹೈಕ್ಸೋಸರ ಕಾಲದ ಖಜಾನೆ ಅಧಿಕಾರಿ ಹರ್ ಎಂಬಾತನ ಹೆಸರಿರುವ ಮುದ್ರೆಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಅವನನ್ನು ನಾವು ಬಲ್ಲದ್ದೇ ಅವುಗಳಿಂದ. ಆದರೆ ಅವುಗಳಲ್ಲಿ ಎಷ್ಟೋ ಮಾರುಕಟ್ಟೆಯ ದಾರಿಯಲ್ಲಿ ಬಂದಂಥವು. ಯಾವ ಮನೆಯ, ಯಾವ ಮಣ್ಣಿನ ಪದರದಲ್ಲಿದ್ದವೋ ಆ ಮಾಹಿತಿ ಸಂಗ್ರಾಹಕರ ಕೈಯಲ್ಲಿ ಕಳೆದೇ ಹೋಯಿತು.

ಪದರ ಗೊತ್ತಿದ್ದರೆ ಏನಾಗಬಹುದೆಂಬುದನ್ನು ದಕ್ಷಿಣ ಈಜಿಪ್ಟಿನ ಪಟ್ಟಣ ಎಡ್ಫು ತೋರಿಸಿದೆ. ಅಲ್ಲಿನ ಆಡಳಿತ ಕಟ್ಟಡವೊಂದರಲ್ಲಿ ಹೈಕ್ಸೋಸ್ ದೊರೆ ಖಯಾನನ ಹೆಸರು ಒತ್ತಿದ 41 ಮಣ್ಣಿನ ತುಣುಕುಗಳು 13ನೇ ವಂಶದ ದೊರೆ ನಾಲ್ಕನೇ ಸೊಬೆಕ್‌ಹೊತೆಪ್‌ನ ಹೆಸರಿನ ತುಣುಕುಗಳ ಜೊತೆಗೇ ದೊರೆತವು. ಇವರಿಬ್ಬರ ನಡುವೆ ದೀರ್ಘ ಅಂತರವಿತ್ತೆಂಬ ಹಳೆಯ ಲೆಕ್ಕಾಚಾರ ಅಲುಗಾಡಿತು. ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ.

ನಮಸ್ಕಾರ.