ಜಾರುವ ಸೀಟಿಗೆ ಬರೀ ಬಿಗಿ ಮಾಡಿದರೆ ಸಾಲದು

ಕೇಳುಗರೆಲ್ಲರಿಗೂ ನಮಸ್ಕಾರ.

ರಜೆಯ ದಿನ ಬೆಳಿಗ್ಗೆ ನಂದಿಬೆಟ್ಟದ ಕಡೆಗೋ, ತುರಹಳ್ಳಿ ಕಾಡಿನ ಮಣ್ಣುದಾರಿಗೋ ಮೌಂಟನ್ ಬೈಕ್ ತಗೊಂಡು ಹೋಗುವವರಿಗೆ ಈ ತೊಂದರೆ ಹೊಸದಲ್ಲ. ಮನೆಯಿಂದ ಹೊರಡುವಾಗ ಸೀಟು ಸರಿಯಾದ ಎತ್ತರದಲ್ಲೇ ಇರುತ್ತದೆ. ಒಂದು ಗಂಟೆ ತುಳಿಯುವಷ್ಟರಲ್ಲಿ ಮಂಡಿಯ ಮುಂಭಾಗ ಹಿಡಿದುಕೊಳ್ಳುತ್ತದೆ. ಇಳಿದು ನೋಡಿದರೆ ಸೀಟು ಎರಡು ಬೆರಳಿನಷ್ಟು ಕೆಳಗೆ ಹೋಗಿರುತ್ತದೆ. ಮೇಲೆ ಎಳೆದು, ಹಲ್ಲು ಕಚ್ಚಿ ಬಿಗಿ ಮಾಡುತ್ತೇವೆ. ಅರ್ಧ ಗಂಟೆಗೆ ಮತ್ತೆ ಅದೇ ಕಥೆ.

ಆ ಹಲ್ಲು ಕಚ್ಚುವ ಕೆಲಸವನ್ನು ದಯವಿಟ್ಟು ಕೊನೆಗೆ ಇಟ್ಟುಕೊಳ್ಳಿ. ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತು ಫ್ರೇಮಿನ ಕೊಳವೆಯೊಳಗೆ ಇಳಿಯುವ ಕಂಬಿ, ಜಾರುವುದಕ್ಕೆ ಬಲ ಸಾಲದಿರುವುದು ಒಂದೇ ಕಾರಣವಲ್ಲ. ಕೊಳೆ ಇರಬಹುದು, ಪೋಸ್ಟನ್ನು ಬಿಗಿಹಿಡಿಯುವ ಪಟ್ಟಿ, ಅಂದರೆ ಕ್ಲ್ಯಾಂಪ್, ಸವೆದಿರಬಹುದು, ಅಳತೆಯೇ ಹೊಂದದೆ ಇರಬಹುದು. ಕಾರಣ ಹುಡುಕದೆ ಬಿಗಿ ಮಾಡುತ್ತಾ ಹೋದರೆ ಮೊದಲು ಬೋಲ್ಟಿನ ಥ್ರೆಡ್ ಹೋಗುತ್ತದೆ. ಆಮೇಲೆ ಆ ಕೊಳವೆಯ ಬಾಯಲ್ಲಿ ಫ್ರೇಮಿನ ಸೀಳು ಇದೆಯಲ್ವಾ, ಅದರ ಬುಡದಲ್ಲಿ ಬಿರುಕು ಬಿಡಬಹುದು. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಫ್ರೇಮ್ ಕಳೆದುಕೊಳ್ಳುವುದು ಬೇಡ.

ಮೌಂಟನ್ ಬೈಕಿನಲ್ಲೇ ಈ ಕಾಟ ಯಾಕೆ ಜಾಸ್ತಿ? ಕ್ಯಾಲಿಫೋರ್ನಿಯಾದ ಟಮಲ್ಪಾಯಸ್ ಬೆಟ್ಟದ ಸುತ್ತಮುತ್ತ 1970ರ ದಶಕದಲ್ಲಿ ಹುಡುಗರು ಹಳೇ ಭಾರದ ಸೈಕಲ್ಲುಗಳಲ್ಲಿ ಕಡಿದಾದ ಮಣ್ಣುದಾರಿ ಇಳಿಯುತ್ತಿದ್ದರು. ಮೌಂಟನ್ ಬೈಕ್ ಬೆಳೆದದ್ದೇ ಅಲ್ಲಿ. ಹತ್ತುವಾಗ ಸೀಟು ಎತ್ತರ ಇರಬೇಕು, ಇಳಿಯುವಾಗ ತಗ್ಗಿರಬೇಕು. ಅದಕ್ಕೇ ಸ್ಪ್ಯಾನರ್ ಇಲ್ಲದೆ ಸಡಿಲಿಸುವ ಕ್ವಿಕ್ ರಿಲೀಸ್ ಲಿವರ್ ಸೀಟಿನ ಕೆಳಗೂ ಬಂತು. ಅನುಕೂಲವೇನೋ ಹೌದು. ಆದರೆ ಪೋಸ್ಟನ್ನು ಪದೇ ಪದೇ ಮೇಲೆ ಕೆಳಗೆ ಮಾಡಿದಾಗ ದೂಳು ಒಳಗೆ ಇಳಿಯುತ್ತದೆ. ಮೇಲಿಂದ ಕಲ್ಲುದಾರಿಯ ಕುಲುಕಾಟ ಬೇರೆ.

ಆ ಲಿವರಿನಿಂದಲೇ ಶುರು ಮಾಡೋಣ. ಬಹಳ ಜನ ಅದನ್ನು ನಟ್ಟಿನ ಹಾಗೆ ಗರಗರ ತಿರುಗಿಸಿ ಬಿಗಿ ಮಾಡುತ್ತಾರೆ. ಅದು ತಪ್ಪು. ಲಿವರಿನ ಬುಡ ಸರಿಯಾಗಿ ದುಂಡಗಿರುವುದಿಲ್ಲ, ಒಂದು ಕಡೆ ಉಬ್ಬಿರುತ್ತದೆ. ಅದನ್ನು ಕ್ಯಾಮ್ ಅನ್ನುತ್ತಾರೆ. ಲಿವರನ್ನು ಮಡಚಿದಾಗ ಆ ಉಬ್ಬು ಕ್ಲ್ಯಾಂಪಿನ ಎರಡು ತುಟಿಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಹಿಡಿತ ಬರುವುದು ಈ ಮಡಚುವುದರಿಂದ. ಲಿವರನ್ನು ಪೂರ್ತಿ ತೆರೆದು, ಎದುರು ಬದಿಯ ನಟ್ಟನ್ನು ಸ್ವಲ್ಪ ತಿರುಗಿಸಿ, ಮತ್ತೆ ಮಡಚಿ ನೋಡಿ. ಲಿವರ್ ಅರ್ಧ ದಾರಿಗೆ ಬಂದಾಗ, ಅಂದರೆ ನೇರ ಹೊರಕ್ಕೆ ಚಾಚಿಕೊಂಡಿರುವಾಗ, ಕೈಗೆ ಬಿಗಿ ತಗುಲಲು ಶುರುವಾಗಬೇಕು. ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಲಿವರಿನ ಅಚ್ಚು ಮೂಡಬೇಕು. ಸುಮ್ನೆ ಬೆರಳಲ್ಲಿ ಮುಚ್ಚಿಕೊಂಡರೆ ಹಿಡಿತ ಸಾಲದು. ಎದುರಿನ ನಟ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ.

ಕ್ಯಾಮ್ ಕೂರುವ ಜಾಗದಲ್ಲಿ ಬಾಗಿದ ಬಿಲ್ಲೆಯೊಂದು ಇರುತ್ತದೆ. ಅಗ್ಗದ ಕ್ಲ್ಯಾಂಪುಗಳಲ್ಲಿ ಅದು ಕಪ್ಪು ಪ್ಲಾಸ್ಟಿಕ್. ಹತ್ತಿರದಿಂದ ನೋಡಿ. ಅದರಲ್ಲಿ ಗುಂಡಿ ಬಿದ್ದಿದ್ದರೆ, ಅಂಚು ಒಡೆದಿದ್ದರೆ, ಎಷ್ಟು ಒತ್ತಿದರೂ ಬಲ ಕ್ಲ್ಯಾಂಪಿಗೆ ಹೋಗುವುದಿಲ್ಲ. ಹೊಸ ಕ್ಲ್ಯಾಂಪ್ ಹಾಕಿಸಿ. ಚೆನ್ನಾಗಿದ್ದರೆ ಮಣ್ಣು ಒರೆಸಿ ಅಲ್ಲಿಗೆ ಒಂದು ಹನಿ ಎಣ್ಣೆ ಬಿಡಿ. ಎಲ್ ಕೀ ಹಾಕಿ ಬಿಗಿ ಮಾಡುವ ಬೋಲ್ಟ್ ಇದ್ದರೆ ಅದರ ಥ್ರೆಡ್ಡಿಗೂ ಚೂರು ಗ್ರೀಸ್ ಬೇಕು. ಒಣಗಿದ ಬೋಲ್ಟ್ ನಮ್ಮ ಬಲವನ್ನೆಲ್ಲ ತಾನೇ ತಿಂದುಬಿಡುತ್ತದೆ. ಕೈಗೆ ಬಿಗಿಯಾದಂತೆ ಅನಿಸುತ್ತದೆ, ಪೋಸ್ಟಿಗೆ ಹಿಡಿತ ಮುಟ್ಟಿರುವುದಿಲ್ಲ.

ಈಗ ಪೋಸ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕಪ್ಪು ಗ್ರೀಸು, ಕೆಂಪು ಮಣ್ಣು ಸೇರಿ ಅಂಟಿಕೊಂಡಿರುತ್ತದೆ. ಬಟ್ಟೆಯಲ್ಲಿ ಒರೆಸಿ, ಆಮೇಲೆ ಮೊಬೈಲ್ ರಿಪೇರಿಯವರು ಬಳಸುತ್ತಾರಲ್ವಾ, ಆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಇನ್ನೊಮ್ಮೆ ಒರೆಸಿ. ಫ್ರೇಮಿನ ಕೊಳವೆಯ ಒಳಗನ್ನು ಮರೆಯಬೇಡಿ. ಕೋಲಿಗೆ ಬಟ್ಟೆ ಸುತ್ತಿ ಒಳಗೆ ಆಡಿಸಿದರೆ ಎಷ್ಟು ಕೊಳೆ ಬರುತ್ತದೆ ನೋಡಿ. ಎಷ್ಟೋ ಸೈಕಲ್ಲುಗಳ ಸೀಟು ಇಷ್ಟಕ್ಕೇ ನಿಂತುಬಿಡುತ್ತದೆ.

ಶುಚಿ ಮಾಡಿದರೂ ಜಾರುತ್ತಿದ್ದರೆ ಫ್ರಿಕ್ಷನ್ ಪೇಸ್ಟ್ ಹಚ್ಚಿ. ಕಾರ್ಬನ್ ಪೇಸ್ಟ್ ಅಂತಲೂ ಸಿಗುತ್ತದೆ. ಅದರಲ್ಲಿ ಸಣ್ಣ ಹರಳಿನಂಥ ಕಣಗಳಿರುತ್ತವೆ. ಅವು ಪೋಸ್ಟ್ ಮತ್ತು ಕೊಳವೆ ನಡುವೆ ಕಚ್ಚಿ ಹಿಡಿಯುತ್ತವೆ, ಕಡಿಮೆ ಬಲದಲ್ಲೇ ಸೀಟು ನಿಲ್ಲುತ್ತದೆ. ಅಲ್ಯೂಮಿನಿಯಂ ಪೋಸ್ಟಿಗೂ ಇದನ್ನು ಹಚ್ಚಬಹುದು. ಕಾರ್ಬನ್ ಪೋಸ್ಟಿಗೆ ಮಾತ್ರ ಗ್ರೀಸ್ ಮುಟ್ಟಿಸಲೇಬೇಡಿ. ಹಾಗಂತ ಗ್ರೀಸನ್ನೇ ಶತ್ರು ಅಂದುಕೊಳ್ಳಬೇಡಿ. ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಇದ್ದು, ಮಲೆನಾಡಿನ ಮಳೆಗಾಲವಿಡೀ ಅದನ್ನು ಅಲ್ಲಾಡಿಸದೆ ಬಿಟ್ಟರೆ ಎರಡೂ ಲೋಹ ಒಂದಕ್ಕೊಂದು ಕಚ್ಚಿಕೊಂಡು ಪೋಸ್ಟ್ ಹೊರಗೆ ಬರುವುದೇ ಇಲ್ಲ. ಅಂಥ ಸೈಕಲ್ಲಿಗೆ ಗ್ರೀಸಿನ ಒಂದು ತೆಳು ಲೇಪ ಬೇಕೇ ಬೇಕು.

ಇನ್ನು ಅಳತೆ. ಪೋಸ್ಟಿನ ಕೆಳಭಾಗದಲ್ಲಿ 27.2, 30.9, 31.6 ಹೀಗೆ ಒಂದು ಸಂಖ್ಯೆ ಕೆತ್ತಿರುತ್ತಾರೆ. ಅದು ಮಿಲಿಮೀಟರಿನಲ್ಲಿ ಅದರ ದಪ್ಪ. ಕಣ್ಣಿಗೆ 27 ಮತ್ತು 27.2 ಎರಡೂ ಒಂದೇ. ಕ್ಲ್ಯಾಂಪಿಗೆ ಹಾಗಲ್ಲ. ಸೆಕೆಂಡ್ ಹ್ಯಾಂಡ್ ಸೈಕಲ್ ಆಗಿದ್ದರೆ ಹಿಂದಿನವರು ಯಾವುದೋ ಪೋಸ್ಟ್ ಹಾಕಿರುವ ಸಾಧ್ಯತೆ ಇದ್ದೇ ಇದೆ. ಪತ್ತೆ ಮಾಡುವುದು ಸುಲಭ. ಬಿಗಿ ಮಾಡಿದ ಮೇಲೆ ಕ್ಲ್ಯಾಂಪಿನ ತುಟಿಗಳ ನಡುವಿನ ಸಂದು ನೋಡಿ. ಎರಡೂ ಒಂದಕ್ಕೊಂದು ತಾಗಿಬಿಟ್ಟಿದ್ದರೆ ಇನ್ನು ಬಿಗಿಯಾಗಲು ಜಾಗವೇ ಇಲ್ಲ. ಪೋಸ್ಟ್ ತೆಳ್ಳಗಿದೆ, ಇಲ್ಲವೇ ಕ್ಲ್ಯಾಂಪ್ ದೊಡ್ಡದಿದೆ.

ದಾರಿ ಮಧ್ಯೆ ಹೀಗಾದರೆ ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಕತ್ತರಿಸಿ, ಪೋಸ್ಟಿಗೆ ಒಂದು ಸುತ್ತು ಸುತ್ತಿ ಇಳಿಸಬಹುದು. ಆ ತಗಡು ಸುಮಾರು 0.1 ಮಿಲಿಮೀಟರ್ ದಪ್ಪ. ಎರಡು ಬದಿ ಸೇರಿ 0.2 ಆಯಿತು. ಅಂಚು ಬ್ಲೇಡಿನಷ್ಟು ಹರಿತ, ಕೈ ಜೋಪಾನ. ಇದು ಮನೆ ತಲುಪುವ ಉಪಾಯ ಅಷ್ಟೇ. ಆಮೇಲೆ ಸರಿಯಾದ ಅಳತೆಯ ಪೋಸ್ಟನ್ನೇ ಕೊಳ್ಳಿ.

ಬೋಲ್ಟ್ ಕ್ಲ್ಯಾಂಪುಗಳ ಮೇಲೆ ಸಾಮಾನ್ಯವಾಗಿ 5 ಅಥವಾ 6 ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ. ಎಷ್ಟು ಬಲದಲ್ಲಿ ತಿರುಗಿಸಬೇಕು ಅನ್ನುವ ಅಳತೆ ಅದು. ಆ ಬಲ ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಎಲ್ ಕೀಯನ್ನು ಬೆರಳಿನಿಂದ ಗಟ್ಟಿಯಾಗಿ ತಿರುಗಿಸಿದರೆ ಸಾಕು. ಅದಕ್ಕೆ ಪೈಪ್ ಸಿಕ್ಕಿಸಿ ತಿರುಗಿಸಬೇಡಿ.

ಎಲ್ಲ ಆದ ಮೇಲೆ ಎತ್ತರ ಹೊಂದಿಸಿ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿಟ್ಟು ತುಳಿಯುವಾಗ ಮಂಡಿ ಹದವಾಗಿ ಬಾಗುತ್ತದೆ. ಪೋಸ್ಟಿನ ಮೇಲೆ ಕನಿಷ್ಠ ಇಷ್ಟು ಒಳಗಿರಲಿ ಅಂತ ಒಂದು ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣಬಾರದು. ಕಂಡರೆ ಪೋಸ್ಟ್ ಗಿಡ್ಡ ಅಂತ ಅರ್ಥ, 350ರ ಬದಲು 400 ಮಿಲಿಮೀಟರ್ ಉದ್ದದ್ದು ಹಾಕಿಸಿಕೊಳ್ಳಿ. ಕೊನೆಗೆ ಕ್ಲ್ಯಾಂಪಿಗೆ ತಾಗುವಂತೆ ಪೋಸ್ಟಿಗೆ ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿ, ನಿಮ್ಮ ಮಾಮೂಲಿ ದಾರಿಯಲ್ಲಿ ಹೋಗಿ ಬನ್ನಿ. ಟೇಪ್ ಮುದುರಿಕೊಂಡಿದ್ದರೆ ಪೋಸ್ಟ್ ಇನ್ನೂ ಜಾರುತ್ತಿದೆ. ಆಗ ಸೈಕಲ್ಲನ್ನೇ ಅಂಗಡಿಗೆ ಒಯ್ದು, ಕೊಳವೆಯ ಒಳ ಅಳತೆಯನ್ನು ವರ್ನಿಯರ್ ಎಂಬ ಅಳತೆ ಉಪಕರಣ ಹಿಡಿದು ನೋಡಲು ಹೇಳಿ.

ನಮಸ್ಕಾರ.