ಕಿಮ್ ಸಿಸ್ಟರ್ಸ್: ಹಾಡಿದವರು ಮೂವರು, ಪಳಗಿಸಿದವಳು ಅಮ್ಮ

ಎಲ್ಲರಿಗೂ ನಮಸ್ಕಾರ. ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಸಂಗೀತ, ಅಂದ ಕೂಡಲೇ ಬಿಟಿಎಸ್, ಬ್ಲ್ಯಾಕ್‌ಪಿಂಕ್ ತಂಡಗಳ ಹೆಸರು ಹೇಳುವವರೇ ಇಲ್ಲಿ ಜಾಸ್ತಿ ಇದ್ದೀರಿ, ಅಲ್ವಾ? ನಾನು ಅವರಿಗಿಂತ ಅರ್ಧ ಶತಮಾನ ಹಿಂದಕ್ಕೆ ಹೋಗುತ್ತೇನೆ. 1959ರಲ್ಲೇ ಮೂವರು ಕೊರಿಯನ್ ಹುಡುಗಿಯರು ಅಮೆರಿಕದ ಲಾಸ್ ವೇಗಸ್‌ಗೆ ಹೋಗಿ ಹಾಡುತ್ತಿದ್ದರು. ಹೆಸರು ಕಿಮ್ ಸಿಸ್ಟರ್ಸ್. ಸೂಕ್‌ಜಾ ಮತ್ತು ಐಜಾ ಒಡಹುಟ್ಟಿದವರು. ಮಿಯಾ ಅವರ ಸೋದರಮಾವನ ಮಗಳು, ಅಂದರೆ ನಿಜಕ್ಕೂ ಅವಳು ಕಿಮ್ ಅಲ್ಲ, ಲೀ ಮನೆತನದವಳು.

ಆದರೆ ಈ ಕಥೆ ಶುರುವಾಗೋದು ಸೂಕ್‌ಜಾ, ಐಜಾ ಅವರ ಅಮ್ಮ ಲೀ ನಾನ್‌ಯಂಗ್ ಅವರಿಂದ. ಕೊರಿಯಾ ಜಪಾನಿನ ಕೈಕೆಳಗಿದ್ದಾಗ, 1935ರಲ್ಲಿ, ಅವರು ಹಾಡಿದ 'ಮೋಕ್ಪೋದ ಕಣ್ಣೀರು' ಇಡೀ ದೇಶದ ಬಾಯಲ್ಲಿತ್ತು. ಮೋಕ್ಪೋ ಅವರ ಹುಟ್ಟೂರು. ಗಂಡ ಕಿಮ್ ಹೇಸಾಂಗ್ ಕೂಡ ಹೆಸರುವಾಸಿ ಸಂಗೀತ ಸಂಯೋಜಕ. 1950ರಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾಗಳ ನಡುವೆ ಯುದ್ಧ ಶುರುವಾಯಿತು, ಉತ್ತರದವರು ಗಂಡನನ್ನು ಹಿಡಿದುಕೊಂಡು ಹೋದರು. ತಿರುಗಿ ಬರಲೇ ಇಲ್ಲ. ಮನೆ ತುಂಬ ಮಕ್ಕಳು, ಸಂಪಾದನೆ ಇಲ್ಲ.

ಆಗ ದುಡ್ಡು ಕಾಣುತ್ತಿದ್ದ ಜಾಗ ಅಂದರೆ ಯುದ್ಧಕ್ಕೆ ಬಂದಿದ್ದ ಅಮೆರಿಕನ್ ಸೇನೆಯ ಶಿಬಿರಗಳು. ಅಮ್ಮ ಕಾಳಸಂತೆಯಿಂದ ಅಮೆರಿಕನ್ ಹಾಡಿನ ತಟ್ಟೆ ತಂದು ಹುಡುಗಿಯರಿಗೆ ಕಲಿಸಿದರು. ಇಂಗ್ಲಿಷು ಒಂದಕ್ಷರ ಬರುತ್ತಿರಲಿಲ್ಲ! ನಮ್ಮಲ್ಲಿ ಹಿಂದಿ ಬರದವರು ಹಿಂದಿ ಸಿನಿಮಾ ಹಾಡನ್ನು ಕೇಳಿದ ಹಾಗೇ ಬಾಯಿಪಾಠ ಮಾಡಿ ಹಾಡುತ್ತಾರಲ್ಲ, ಹಾಗೇ ಇದೂ. ಪದದ ಅರ್ಥ ಬೇಡ, ಉಚ್ಚಾರ ಸರಿಯಿದ್ದರೆ ಸಾಕು. ಸೈನಿಕರು ಕುಣಿದು ಚಪ್ಪಾಳೆ ಹೊಡೆದು ಕೈಗೆ ವಿಸ್ಕಿ ಬಾಟಲಿ, ಚಾಕೊಲೇಟ್ ಕೊಡುತ್ತಿದ್ದರು. ಅದೇ ಸಂಭಾವನೆ. ವಿಸ್ಕಿಯನ್ನು ಕಾಳಸಂತೆಗೆ ಒಯ್ದರೆ ಮನೆಗೆ ಅಕ್ಕಿ ಬರುತ್ತಿತ್ತು.

ಈಗಿನ ಕೊರಿಯನ್ ಕಂಪನಿಗಳು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ತಂದು ಹಾಡು, ಕುಣಿತ, ಶಿಸ್ತು ಅಂತ ವರ್ಷಗಟ್ಟಲೆ ಪಳಗಿಸುತ್ತವೆ, ಪ್ರೀತಿ ಪ್ರೇಮಕ್ಕೂ ಕಡಿವಾಣ ಹಾಕುತ್ತವೆ ಅಂತ ಓದಿರುತ್ತೀರಿ. ಈ ಅಮ್ಮ ಅದನ್ನೆಲ್ಲ ಮನೆಯಲ್ಲೇ ಮಾಡಿದ್ದರು, ಹುಡುಗರ ಸಹವಾಸ ಬೇಡ ಅನ್ನುವ ಕಟ್ಟಪ್ಪಣೆಯೂ ಸೇರಿ. ನನಗೆ ಇದನ್ನು ಹೊಗಳಬೇಕೋ ಬೈಯಬೇಕೋ ಇನ್ನೂ ತಿಳಿಯುವುದಿಲ್ಲ. ಒಂದಂತೂ ನಿಜ, ಕಂಪನಿಗೆ ಲಾಭದ ಲೆಕ್ಕ, ಆಕೆಗೆ ಊಟದ್ದು.

ವೇಗಸ್‌ನಲ್ಲಿ ಥಂಡರ್‌ಬರ್ಡ್ ಹೋಟೆಲಿನ ಪ್ರದರ್ಶನದಿಂದ ಶುರು. ಆ ಪ್ರದರ್ಶನದ ಹೆಸರು ನೋಡಿ: 'ಚೈನಾ ಡಾಲ್ ರೆವ್ಯೂ'. ಬಂದವರು ಕೊರಿಯಾದವರು, ಬೋರ್ಡು ಚೀನಾದ್ದು! ಸುಮ್ನೆ ಚಂದ ಕಾಣುವ ಏಷ್ಯಾದ ಗೊಂಬೆಗಳು ಅಂತ ಕೂರಿಸಿದರೆ ನಾಲ್ಕು ದಿನದ ಮಾತು. ಇವರು ಹಾಗೆ ಕೂರಲಿಲ್ಲ. ಸ್ಯಾಕ್ಸೊಫೋನ್, ಬ್ಯಾಂಜೊ, ಡ್ರಮ್ಸ್, ಜೊತೆಗೆ ತಮ್ಮೂರಿನ ತಂತಿವಾದ್ಯ ಗಾಯಗಮ್ ಕೂಡ. ಒಂದು ಕೆಳಗಿಟ್ಟು ಇನ್ನೊಂದು ಎತ್ತಿಕೊಳ್ಳುತ್ತಿದ್ದರು. ಅಮೆರಿಕದ ಮನೆಮನೆಯಲ್ಲೂ ನೋಡುತ್ತಿದ್ದ ಎಡ್ ಸಲ್ಲಿವನ್ ಟಿವಿ ಕಾರ್ಯಕ್ರಮಕ್ಕೆ ಅವರನ್ನು 20ಕ್ಕೂ ಹೆಚ್ಚು ಸಲ ಕರೆದರು ಅಂದರೆ ಸುಮ್ನೆ ಅಲ್ಲ.

ಆಮೇಲೆ ಅಣ್ಣತಮ್ಮಂದಿರೂ ಬಂದು ಕಿಮ್ ಬ್ರದರ್ಸ್ ಆದರು. ಅಮ್ಮನೂ ಅಮೆರಿಕಕ್ಕೆ ಬಂದು ಮಕ್ಕಳ ಜೊತೆ ವೇದಿಕೆ ಹತ್ತಿದರು, ಕೊರಿಯಾಕ್ಕೆ ಮರಳಿ 1965ರಲ್ಲಿ ತೀರಿಕೊಂಡರು. ಹುಡುಗಿಯರು ಅಮೆರಿಕದಲ್ಲೇ ಮದುವೆಯಾದರು.

ಯೂಟ್ಯೂಬಿನಲ್ಲಿ ಹಳೆಯ ಕಪ್ಪು ಬಿಳುಪು ತುಣುಕುಗಳು ಸಿಗುತ್ತವೆ, ನೋಡಿ. ಪ್ರಶ್ನೆ ಇದ್ದವರು ಈಗ ಕೇಳಬಹುದು.