ಎಂಜಿಬಿ ಕಾರಿಗೆ ಬಂದ ಎಂಟು ಸಿಲಿಂಡರಿನ ಎಂಜಿನ್

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಕಾರಿನಿಂದ ಚಿಕ್ಕ ಎಂಜಿನ್ನನ್ನು ಇಳಿಸಿ, ಅದರ ಜಾಗದಲ್ಲಿ ಹೆಚ್ಚು ಸಿಸಿಯ ಎಂಜಿನ್ನನ್ನು ಕೂರಿಸುವ ಕೆಲಸದ ಬಗ್ಗೆ ಇಂದು ಮಾತನಾಡುತ್ತೇನೆ. ಇದಕ್ಕಾಗಿ ಆರಿಸಿಕೊಂಡಿರುವುದು ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರನ್ನು. ಕಾರು ದೂರದ್ದಾದರೂ ಅದರ ಎಂಜಿನ್ ನಮಗೆ ಅಪರಿಚಿತವಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಗೆ ಸೇರಿದವು. ಅಂಬಾಸಡರಿನ ಟ್ಯಾಪೆಟ್ ಹೊಂದಿಸಿ ಅಭ್ಯಾಸವಿರುವ ನಮ್ಮ ಮೆಕ್ಯಾನಿಕ್ಕಿನ ಮುಂದೆ ಎಂಜಿಬಿಯ ಬಾನೆಟ್ ಎತ್ತಿದರೆ, ಯಾವ ಭಾಗ ಎಲ್ಲಿದೆಯೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಎಂಜಿನ್ನಿನ ಸಿಸಿ, ಅಂದರೆ ಪಿಸ್ಟನ್ನುಗಳು ಓಡಾಡುವ ಸಿಲಿಂಡರುಗಳ ಒಟ್ಟು ಗಾತ್ರ, ನಿಂತಿರುವುದು ಸಿಲಿಂಡರಿನ ಅಗಲ, ಪಿಸ್ಟನ್ ಮೇಲಿಂದ ಕೆಳಕ್ಕೆ ಸಾಗುವ ದೂರ ಮತ್ತು ಸಿಲಿಂಡರುಗಳ ಸಂಖ್ಯೆಯ ಮೇಲೆ. ಅಗಲಕ್ಕೆ ಬೋರ್ ಎಂದೂ ದೂರಕ್ಕೆ ಸ್ಟ್ರೋಕ್ ಎಂದೂ ಗ್ಯಾರೇಜುಗಳಲ್ಲಿ ಹೇಳುತ್ತಾರೆ. ಬಿ ಸರಣಿಯ ಎಂಜಿನ್ನು 1200 ಸಿಸಿಯಿಂದ 1489ಕ್ಕೆ, ಅಲ್ಲಿಂದ 1622ಕ್ಕೆ, ಕೊನೆಗೆ 1798ಕ್ಕೆ ಬೆಳೆಯಿತು. ಈ ನಾಲ್ಕರಲ್ಲೂ ಸ್ಟ್ರೋಕ್ 88.9 ಮಿಲಿಮೀಟರಿನಲ್ಲೇ ನಿಂತಿತು, ಹಿಗ್ಗಿದ್ದು ಬೋರ್ ಮಾತ್ರ. ಅಂಬಾಸಡರಿನಲ್ಲಿ ಅದು 73 ಮಿಲಿಮೀಟರ್, ಎಂಜಿಬಿಯಲ್ಲಿ 80ಕ್ಕಿಂತ ಸ್ವಲ್ಪ ಹೆಚ್ಚು. ಬೋರ್ ಹಿಗ್ಗಿದಷ್ಟೂ ಸಿಲಿಂಡರುಗಳ ಗೋಡೆ ತೆಳ್ಳಗಾಗುತ್ತದೆ, ಆದ್ದರಿಂದ ಈ ದಾರಿಗೆ ಕೊನೆಯಿದೆ. ನುರಿತವರು ಎಂಜಿಬಿಯ ಬ್ಲಾಕನ್ನು ಕೊರೆಸಿ, ದೊಡ್ಡ ಪಿಸ್ಟನ್ ಹಾಕಿ, 1950 ಸಿಸಿಯವರೆಗೆ ಒಯ್ಯುವುದುಂಟು. ಕಾರಿನ ಉಳಿದ ಯಾವ ಅಂಗವನ್ನೂ ಹೆಚ್ಚು ಕದಲಿಸದೆ ಸಿಗುವ ಲಾಭವಿದು, ಅನೇಕರಿಗೆ ಇಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಬೇಕೆನ್ನುವವರು ಬೇರೆಯ ಎಂಜಿನ್ನನ್ನೇ ಹುಡುಕಬೇಕು.

ಹಾಗೆ ಹುಡುಕಿದಾಗ ಕಾರ್ಖಾನೆಯೇ ಮೊದಲ ಸಲ ಎಡವಿತು. 1967ರಲ್ಲಿ ಅದೇ ದೇಹದೊಳಗೆ 2912 ಸಿಸಿಯ, ಸಾಲಾಗಿ ಆರು ಸಿಲಿಂಡರುಗಳಿರುವ ಎಂಜಿನ್ನನ್ನು ಕೂರಿಸಿ ಎಂಜಿಸಿ ಎಂಬ ಹೆಸರಿನಲ್ಲಿ ಮಾರಿದರು. ಶಕ್ತಿ 145 ಅಶ್ವಶಕ್ತಿಗೆ ಏರಿತು. ಆದರೆ ಎರಕದ ಕಬ್ಬಿಣದ ಆ ಉದ್ದನೆಯ ಎಂಜಿನ್ನಿನಿಂದ ಕಾರಿನ ಮೂಗಿನ ಮೇಲೆ ಹತ್ತಿರ ಹತ್ತಿರ 90 ಕಿಲೋ ತೂಕ ಹೆಚ್ಚಾಯಿತು. ಅದಕ್ಕೆ ಜಾಗ ಮಾಡಲು ಮುಂದಿನ ಸಸ್ಪೆನ್ಷನ್ನಿನಲ್ಲಿ ಸುರುಳಿ ಸ್ಪ್ರಿಂಗುಗಳನ್ನು ತೆಗೆದು, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ತಿರುಚುಸರಳುಗಳನ್ನು (ಟಾರ್ಷನ್ ಬಾರ್) ಹಾಕಬೇಕಾಯಿತು, ಬಾನೆಟ್ಟನ್ನು ಉಬ್ಬಿಸಬೇಕಾಯಿತು. ಇಷ್ಟಾಗಿಯೂ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ, ಮುಂಭಾಗ ಹೊರಕ್ಕೆ ಜಾರುತ್ತದೆ ಎಂದು ಅದನ್ನು ಓಡಿಸಿ ನೋಡಿದ ಪತ್ರಕರ್ತರು ಬರೆದರು. ಸುಮಾರು ಒಂಬತ್ತು ಸಾವಿರ ಕಾರುಗಳಷ್ಟೇ ತಯಾರಾಗಿ 1969ರಲ್ಲಿ ಅದು ನಿಂತಿತು. ಇಲ್ಲಿ ಸಿಸಿಯ ಲೆಕ್ಕ ಸರಿಯಾಗಿಯೇ ಇತ್ತು, ತಪ್ಪಿದ್ದು ತೂಕದ ಲೆಕ್ಕ. ಎಂಜಿನ್ ಬದಲಾವಣೆಯ ಮಾತು ಬಂದಾಗ ಎಷ್ಟು ಅಶ್ವಶಕ್ತಿ ಎಂಬ ಪ್ರಶ್ನೆಗಿಂತ ಮೊದಲು, ಎಷ್ಟು ಕಿಲೋ, ಆ ಕಿಲೋ ಮುಂದಿನ ಆಕ್ಸಲಿನ ಮುಂದೆ ಬೀಳುತ್ತದೆಯೋ ಹಿಂದೆ ಬೀಳುತ್ತದೆಯೋ ಎಂದು ನಾನು ಕೇಳುವುದು ಈ ಕಾರಣಕ್ಕೆ.

ಇದಕ್ಕೆ ಉತ್ತರವಾಗಿ ಬಂದ ಎಂಜಿನ್ನಿನ ಮೂಲ ಅಮೆರಿಕದಲ್ಲಿದೆ. ಬ್ಯೂಯಿಕ್ ಕಂಪನಿಯು 1961ರ ಮಾದರಿಗಳಿಗಾಗಿ ಅಲ್ಯೂಮಿನಿಯಂ ಬ್ಲಾಕಿನ, ಇಂಗ್ಲಿಷಿನ ವಿ ಅಕ್ಷರದಂತೆ ನಾಲ್ಕು ನಾಲ್ಕಾಗಿ ಎಂಟು ಸಿಲಿಂಡರುಗಳಿದ್ದ ಎಂಜಿನ್ನನ್ನು ತಯಾರಿಸಿ, ಎರಕದ ತೊಡಕು ಮತ್ತು ವೆಚ್ಚದಿಂದಾಗಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಬ್ರಿಟನ್ನಿನ ರೋವರ್ ಕಂಪನಿಯು 1965ರಲ್ಲಿ ಅದರ ಹಕ್ಕುಗಳನ್ನು ಪಡೆದು, ಎರಕದ ವಿಧಾನವನ್ನು ಬದಲಿಸಿ, 1967ರಿಂದ ತನ್ನ ಕಾರುಗಳಲ್ಲಿ ಬಳಸಿತು. ಇದು 3528 ಸಿಸಿ. ಇದರ ಬೋರ್ 88.9 ಮಿಲಿಮೀಟರ್, ಅಂದರೆ ಬಿ ಸರಣಿಯಲ್ಲಿ ಸ್ಟ್ರೋಕ್ ಆಗಿದ್ದ ಅದೇ ಮೂರೂವರೆ ಇಂಚು. ಇದರ ಸ್ಟ್ರೋಕ್ ಸುಮಾರು 71 ಮಿಲಿಮೀಟರ್ ಮಾತ್ರ. ಸ್ಟ್ರೋಕ್ ಚಿಕ್ಕದಾದ್ದರಿಂದಲೂ, ಎಂಟು ಸಿಲಿಂಡರುಗಳು ಎರಡು ಸಾಲಾಗಿ ಕುಳಿತದ್ದರಿಂದಲೂ ಎಂಜಿನ್ ಗಿಡ್ಡವಾಗಿ ಚೊಕ್ಕವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಸಿಸಿ ಹೆಚ್ಚುಕಡಿಮೆ ಇಮ್ಮಡಿಯಾದರೂ ಅದು ಎಂಜಿಬಿಯ ಕಬ್ಬಿಣದ ಎಂಜಿನ್ನಿಗಿಂತ ಭಾರವಾಗಿರಲಿಲ್ಲ.

ಇದನ್ನು ಎಂಜಿಬಿಗೆ ಕೂರಿಸಿ ಮಾರಾಟಕ್ಕಿಟ್ಟು ಹೆಸರಾದವರು ಕೆನ್ ಕಾಸ್ಟೆಲೊ ಎಂಬ ರೇಸ್ ಚಾಲಕರು. 1970ರ ಆಸುಪಾಸಿನಲ್ಲಿ ಅವರ ಕಾರುಗಳು ರಸ್ತೆಗಿಳಿದು ಸುದ್ದಿಯಾದವು. ಆಗ ಎಂಜಿ ಕಾರುಗಳ ಒಡೆತನವಿದ್ದ ಬ್ರಿಟಿಷ್ ಲೇಲ್ಯಾಂಡ್ ಕಂಪನಿಯ ಆಡಳಿತವು ಅಂಥದೊಂದು ಕಾರನ್ನು ತರಿಸಿ ಪರಿಶೀಲಿಸಿದ ಮೇಲೆ ಅಬಿಂಗ್ಡನ್ನಿನ ಎಂಜಿನಿಯರುಗಳು ತಮ್ಮದೇ ಕಾರನ್ನು ಕಟ್ಟಿದರು. ಒಬ್ಬ ಮನುಷ್ಯ ತನ್ನ ಗ್ಯಾರೇಜಿನಲ್ಲಿ ಸಾಧಿಸಿ ತೋರಿಸಿದ್ದನ್ನು ದೊಡ್ಡ ಕಂಪನಿಯೊಂದು ಹಿಂಬಾಲಿಸಿದ ಈ ಸಂಗತಿಯನ್ನು ನಾನು ಗೌರವದಿಂದ ನೆನೆಯುತ್ತೇನೆ. 1973ರ ಆಗಸ್ಟ್‌ನಲ್ಲಿ ಎಂಜಿಬಿ ಜಿಟಿ ವಿ8 ಹೊರಬಂದಿತು. ಅದನ್ನು ತೆರೆದ ಛಾವಣಿಯ ಕಾರಿನಲ್ಲಿ ಕೊಡದೆ, ಮುಚ್ಚಿದ ಜಿಟಿ ದೇಹದಲ್ಲಿ ಮಾತ್ರ ಕೊಟ್ಟರು.

ಕಾರ್ಖಾನೆಯವರು ಮಾಡಿದ ಕೆಲಸವನ್ನು ಬಿಡಿಬಿಡಿಯಾಗಿ ನೋಡಿದರೆ, ಇಂದು ಮನೆಯಲ್ಲಿ ಇಂಥ ಕಾರು ಕಟ್ಟುವವರಿಗೆ ಏನೇನು ಎದುರಾಗುತ್ತದೆ ಎಂಬುದು ತಿಳಿಯುತ್ತದೆ. ಮೊದಲನೆಯದು ಎತ್ತರ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರುಗಳು ರೋವರ್ ಎಂಜಿನ್ನಿನಲ್ಲಿ ಎರಡು ಸಾಲುಗಳ ನಡುವೆ ಮೇಲೆ ಕೂರುತ್ತವೆ, ಬಾನೆಟ್ ಮುಚ್ಚುವುದಿಲ್ಲ. ಕಾಸ್ಟೆಲೊ ಬಾನೆಟ್ಟಿಗೆ ಉಬ್ಬು ಕೊಟ್ಟರು. ಕಾರ್ಖಾನೆಯವರು ಬೇರೆಯ ಎರಕದ ತುಂಡೊಂದನ್ನು ಮಾಡಿಸಿ, ಎರಡೂ ಎಸ್‌ಯು ಕಾರ್ಬುರೇಟರುಗಳನ್ನು ಎಂಜಿನ್ನಿನ ಹಿಂಭಾಗಕ್ಕೆ ಸರಿಸಿ, ಮಾಮೂಲಿ ಬಾನೆಟ್ಟನ್ನೇ ಉಳಿಸಿಕೊಂಡರು. ಎರಡನೆಯದು ಅಗಲ. ಈ ಎಂಜಿನ್ನಿನ ಹೊಗೆ ಎರಡೂ ಪಕ್ಕಗಳಿಂದ ಹೊರಬರುವುದರಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ಒಳಗಿನ ಮಡ್‌ಗಾರ್ಡ್ ತಗಡಿಗೂ, ಒಂದು ಪಕ್ಕದಲ್ಲಿ ಸ್ಟೀರಿಂಗ್ ಶಾಫ್ಟಿಗೂ ತೀರ ಸಮೀಪ ಹಾದುಹೋಗಬೇಕು. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಅಲುಗುತ್ತಿರುತ್ತದೆ ಎಂಬುದನ್ನು ಮರೆತು, ಎಂಜಿನ್ ನಿಂತಿರುವಾಗ ಅಳೆದ ಅಂತರವನ್ನೇ ನಂಬಬಾರದು. ಗೇರಿನಲ್ಲಿ ಜೋರಾಗಿ ಎಳೆಯುವಾಗ ಅದು ಎತ್ತ ವಾಲುತ್ತದೆ ಎಂಬುದನ್ನು ನೋಡಿ ಅಷ್ಟು ಜಾಗ ಬಿಡಬೇಕು.

ಮೂರನೆಯದಾದ ಶಾಖವೇ ಬಹಳ ಕಾರುಗಳನ್ನು ಕೆಡಿಸುವಂಥದ್ದು. ಹೆಚ್ಚು ಪೆಟ್ರೋಲ್ ಉರಿದಲ್ಲಿ ಹೆಚ್ಚು ಶಾಖ ಹುಟ್ಟುತ್ತದೆ, ಅದು ಹೊರಹೋಗಬೇಕಾದ ರೇಡಿಯೇಟರಿನ ಜಾಗ ಮಾತ್ರ ಹಿಗ್ಗುವುದಿಲ್ಲ. ಅಬಿಂಗ್ಡನ್ನಿನಲ್ಲಿ ರೇಡಿಯೇಟರನ್ನು ಮುಂದಕ್ಕೆ ಸರಿಸಿ ಅದರ ಎದುರಿಗೆ ಎರಡು ವಿದ್ಯುತ್ ಫ್ಯಾನುಗಳನ್ನು ಕೂರಿಸಿದರು. ಸಿಲಿಂಡರುಗಳನ್ನು ಮೇಲಿಂದ ಮುಚ್ಚುವ ಅಲ್ಯೂಮಿನಿಯಂ ತಲೆ (ಸಿಲಿಂಡರ್ ಹೆಡ್) ಒಮ್ಮೆ ಅತಿಯಾಗಿ ಕಾದರೆ ಡೊಂಕಾಗಿ ಗ್ಯಾಸ್ಕೆಟ್ ಹೋಗುತ್ತದೆ. ಅಲ್ಯೂಮಿನಿಯಂ ಬ್ಲಾಕಿನೊಳಗೆ ಬರೀ ನಲ್ಲಿ ನೀರು ಹಾಕಿ ಓಡಿಸಿದರೆ ಒಳಗಿನಿಂದ ತಿಂದುಹೋಗುತ್ತದೆ, ತುಕ್ಕುನಿರೋಧಕ ಕೂಲೆಂಟ್ ಕಡ್ಡಾಯ. ನಮ್ಮ ಕಲಬುರಗಿಯ ಬೇಸಿಗೆಯಂಥ ಹವೆಯಲ್ಲಿ ಇಂಥ ಕಾರನ್ನು ಓಡಿಸಬೇಕೆಂದುಕೊಂಡವರು ಎಂಜಿನ್ನಿಗಿಂತ ಮೊದಲು ರೇಡಿಯೇಟರಿಗೆ ಹಣ ತೆಗೆದಿಡಬೇಕು.

ಆಮೇಲೆ ಗೇರು. ನಾಲ್ಕು ಸಿಲಿಂಡರಿನ ಎಂಜಿಬಿಯಲ್ಲಿ ಚಕ್ರ ಒಂದು ಸುತ್ತು ಬರಲು ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಸುಮಾರು 3.9 ಸುತ್ತು ತಿರುಗಬೇಕು. ವಿ8ರಲ್ಲಿ ಅದನ್ನು 3.07ಕ್ಕೆ ಇಳಿಸಿದರು. ಹೀಗಾಗಿ ನೇರ ನಾಲ್ಕನೆಯ ಗೇರಿನಲ್ಲಿ ಅಷ್ಟೇ ವೇಗಕ್ಕೆ ಎಂಜಿನ್ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ ಸುತ್ತುತ್ತದೆ. ಕಾರ್ಖಾನೆಯ ಎಂಜಿನ್ನು 5000 ಸುತ್ತಿನಲ್ಲಿ 137 ಅಶ್ವಶಕ್ತಿ ಕೊಡುತ್ತಿತ್ತು. ಎಂಜಿಸಿಯ 145ಕ್ಕಿಂತ ಇದು ಕಡಿಮೆಯೇ, ಆದರೆ ಎಳೆಯುವ ಕಸುವಾದ ತಿರುಚುಬಲವು (ಟಾರ್ಕ್) 2900 ಸುತ್ತಿನಲ್ಲೇ ಸುಮಾರು 260 ನ್ಯೂಟನ್ ಮೀಟರ್ ತಲುಪುತ್ತಿತ್ತು. ಹಳೆಯ 1798 ಸಿಸಿ ಎಂಜಿನ್ನಿನಲ್ಲಿ ಅದು 150ರ ಆಸುಪಾಸಿನಲ್ಲಿತ್ತು. ಗೇರ್‌ಬಾಕ್ಸು ಮೂಲತಃ ಎಂಜಿಬಿಯದೇ ಆದ್ದರಿಂದ ಅದನ್ನು ಕಾಪಾಡಲು, ಎಂಜಿನ್ನಿನ ಸುತ್ತನ್ನು ಇನ್ನಷ್ಟು ತಗ್ಗಿಸುವ ಹೆಚ್ಚುವರಿ ಗೇರಾದ ಓವರ್‌ಡ್ರೈವನ್ನು ಮೂರನೆಯ ಗೇರಿನಲ್ಲಿ ಕೊಡದೆ ನಾಲ್ಕನೆಯದಕ್ಕೆ ಸೀಮಿತಗೊಳಿಸಿದರು. ಇಂದು ಕಟ್ಟುವವರು ರೋವರ್ ಎಸ್‌ಡಿ1 ಕಾರಿನ ಐದು ಗೇರುಗಳ ಪೆಟ್ಟಿಗೆಯನ್ನು ಬಳಸುವುದು ಹೆಚ್ಚು, ಅದೇ ಜಾಣತನ. ಬ್ರೇಕಿನ ವಿಷಯವನ್ನು ಉದ್ದ ಮಾಡುವುದಿಲ್ಲ: ಕಾರ್ಖಾನೆಯವರು ದಪ್ಪ ಡಿಸ್ಕು, ದೊಡ್ಡ ಕ್ಯಾಲಿಪರ್ ಹಾಕಿದರು, ಮನೆಯಲ್ಲಿ ಕಟ್ಟುವವರೂ ಹಾಕಲೇಬೇಕು.

ಕಾರು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ ಮುಟ್ಟುತ್ತಿತ್ತು. ಆದರೆ ಅದು ಬಿಡುಗಡೆಯಾಗಿ ಎರಡು ತಿಂಗಳಾಗುವಷ್ಟರಲ್ಲಿ ಪಶ್ಚಿಮ ಏಷ್ಯಾದ ಯುದ್ಧದಿಂದ ತೈಲದ ಬಿಕ್ಕಟ್ಟು ಆರಂಭವಾಯಿತು. ಅಮೆರಿಕದ ಮಾರುಕಟ್ಟೆಗೂ ಅದನ್ನು ಕಳುಹಿಸಲಿಲ್ಲ. 1976ರಲ್ಲಿ ನಿಲ್ಲುವ ಹೊತ್ತಿಗೆ ತಯಾರಾದದ್ದು 2591 ಕಾರುಗಳು. ಇಷ್ಟು ಕಡಿಮೆ ಸಂಖ್ಯೆಯೇ ಮನೆಗಳಲ್ಲಿ ನಡೆಯುವ ಬದಲಾವಣೆಗಳಿಗೆ ಪ್ರೇರಣೆಯಾಯಿತು. ಕಾರ್ಖಾನೆಯ ಕಾರು ಸಿಗದವರು ನಾಲ್ಕು ಸಿಲಿಂಡರಿನ ಎಂಜಿಬಿಗೆ ರೋವರ್ ಎಂಜಿನ್ ಕೂರಿಸತೊಡಗಿದರು. ಆ ಎಂಜಿನ್ನೂ ಮುಂದೆ ರೇಂಜ್ ರೋವರಿನಲ್ಲಿ 3.9 ಲೀಟರಿಗೆ, ಆಮೇಲೆ 4.6 ಲೀಟರಿಗೆ ಬೆಳೆದದ್ದರಿಂದ ಹೆಚ್ಚು ಸಿಸಿ ಬೇಕೆನ್ನುವವರಿಗೆ ದಾರಿ ತೆರೆದೇ ಇದೆ.

ನಮ್ಮ ಅಂಬಾಸಡರಿಗೂ ಇಂಥ ಕಾಲ ಬಂದಿತ್ತು. 1990ರ ದಶಕದ ಮೊದಲಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದಕ್ಕೆ ಜಪಾನಿನ ಇಸುಜು ಕಂಪನಿಯ 1817 ಸಿಸಿ ಎಂಜಿನ್ನನ್ನೂ ಅದರೊಂದಿಗೆ ಐದು ಗೇರುಗಳ ಪೆಟ್ಟಿಗೆಯನ್ನೂ ಕೂರಿಸಿ ಮಾರಿತು. ಅದು ಎಂಜಿನ್ನನ್ನು ಒಂಟಿಯಾಗಿ ತರದೆ ಗೇರ್‌ಬಾಕ್ಸಿನ ಸಮೇತ ತಂದದ್ದನ್ನು ಗಮನಿಸಬೇಕು.

ಆದರೆ ನಮ್ಮ ದೇಶದಲ್ಲಿ ಕಾರ್ಖಾನೆಗಿರುವ ಸ್ವಾತಂತ್ರ್ಯ ಮಾಲೀಕನಿಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಮತ್ತೆ ಗಟ್ಟಿಗೊಳಿಸಿತು. ಎಂಜಿನ್ ನಂಬರು ಆರ್‌ಸಿಯಲ್ಲಿ ದಾಖಲಾಗಿರುತ್ತದೆ, ಅದಕ್ಕೆ ಹೊಂದದ ಎಂಜಿನ್ನಿರುವ ಕಾರು ಅಪಘಾತಕ್ಕೀಡಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಆದ್ದರಿಂದ ಇಂಥ ಆಸೆಯಿರುವವರು ಹಳೆಯ ಎಂಜಿನ್ನಿನ ಒಂದು ಬೋಲ್ಟನ್ನು ಸಡಿಲಿಸುವ ಮೊದಲೇ ತಮ್ಮ ಕಾರಿನ ನೋಂದಣಿಯಿರುವ ಆರ್‌ಟಿಓ ಕಚೇರಿಗೆ ಹೋಗಿ, ಯಾವ ಎಂಜಿನ್, ಎಷ್ಟು ಸಿಸಿ, ಯಾವ ಇಂಧನ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟು, ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ಅನುಮತಿ ಸಿಗದಿದ್ದರೆ ಮೂಲ ಎಂಜಿನ್ನನ್ನೇ ಚೆನ್ನಾಗಿ ರಿಪೇರಿ ಮಾಡಿಸಿ ಓಡಿಸಬೇಕು.

ನಮಸ್ಕಾರ.